ಹತ್ತು ಲಕ್ಷ ಜನ ಎಲ್ಲಿ ಹೋದರು?

ಮುಳಬಾಗಿಲಿನ ಕಾಲೇಜೊಂದರಲ್ಲಿ ಇತಿಹಾಸ ಓದುವ ಹುಡುಗಿಯೊಬ್ಬಳಿಗೆ ‘ಕೋಲಾರ ಜಿಲ್ಲೆಯ ಜನಸಂಖ್ಯೆ’ ಎಂಬ ಪ್ರಾಜೆಕ್ಟ್ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಅವಳು ಶ್ರದ್ಧೆಯವಳು. ಕಂಡವರ ಮಾತು ಕೇಳದೆ ಜನಗಣತಿಯ ಅಂಕಿಗಳನ್ನೇ ಹುಡುಕಿ ತೆಗೆಯುತ್ತಾಳೆ. 2001ರಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25,36,069. 2011ರಲ್ಲಿ 15,36,401. ಎರಡೂ ಸರ್ಕಾರ ಪ್ರಕಟಿಸಿದ ಅಂಕಿಗಳು. ಅವನ್ನು ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ತುಂಬಿ ಒಂದು ಗುಂಡಿ ಒತ್ತುತ್ತಾಳೆ. ಕಣ್ಣು ಮಿಟುಕಿಸುವುದರೊಳಗೆ ಎರಡು ಬಣ್ಣದ ಕಂಬಗಳು ಎದ್ದು ನಿಲ್ಲುತ್ತವೆ. ಎರಡನೆಯ ಕಂಬ ಮೊದಲನೆಯದಕ್ಕಿಂತ ಬಹಳ ಗಿಡ್ಡ. ಹತ್ತು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಕಾಣೆಯಾಗಿದ್ದಾರೆ!

ಕಾರಣ ಬರೆಯುವುದೂ ಅವಳಿಗೆ ಕಷ್ಟವಾಗುವುದಿಲ್ಲ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿತು. ಕೆರೆಗಳು ಬತ್ತಿದವು, ಕೊಳವೆಬಾವಿಗಳು ಪಾತಾಳಕ್ಕೆ ಇಳಿದವು. ಪಕ್ಕದಲ್ಲೇ ಬೆಂಗಳೂರು ಇದೆ. ಜನ ಗುಳೆ ಹೋದರು. ಓದಿದವರು ತಲೆದೂಗುವಂಥ ವಿವರಣೆ. ಇದರಲ್ಲಿ ಒಂದೊಂದು ಮಾತೂ ಬೇರೆ ಬೇರೆಯಾಗಿ ನಿಜ. ಸೇರಿಸಿ ಹೇಳಿದ ಕಥೆ ಮಾತ್ರ ಸುಳ್ಳು.

ನಡೆದದ್ದು ಇಷ್ಟೆ. 2007ರಲ್ಲಿ ಕೋಲಾರ ಜಿಲ್ಲೆ ಇಬ್ಭಾಗವಾಯಿತು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಮತ್ತು ಗುಡಿಬಂಡೆ ತಾಲ್ಲೂಕುಗಳು ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮತ್ತು ಬಂಗಾರಪೇಟೆ ಹಳೆಯ ಹೆಸರಿನಲ್ಲೇ ಉಳಿದವು. ಹೀಗೆ ಉಳಿದ ಐದು ತಾಲ್ಲೂಕುಗಳಲ್ಲಿ 2001ರಲ್ಲಿ ಇದ್ದವರು 13,87,062 ಮಂದಿ. ಅವರು 2011ಕ್ಕೆ 15,36,401 ಆದರು. ಶೇಕಡಾ 10.77ರಷ್ಟು ಏರಿಕೆ. ಗಡಿಯ ಗೆರೆ ಸರಿದಿತ್ತೇ ಹೊರತು ಜನ ಎಲ್ಲಿಗೂ ಹೋಗಿರಲಿಲ್ಲ.

ಶಾಲಾ ಕಾಲೇಜುಗಳಲ್ಲಿ ಇತಿಹಾಸ, ಸಮಾಜ, ಭಾಷೆ, ಸಾಹಿತ್ಯದ ಪ್ರಾಜೆಕ್ಟುಗಳಿಗೆ ಈಗ ನಕ್ಷೆ, ಕಾಲರೇಖೆ, ಕಂಬಚಿತ್ರಗಳನ್ನು ಜೋಡಿಸುವುದು ವಾಡಿಕೆಯಾಗಿದೆ. ಚಿತ್ರ ಬಿಡಿಸಿಕೊಡುವ ತಂತ್ರಾಂಶಗಳೂ ಬೇಕಾದಷ್ಟಿವೆ. ಯಾವುದನ್ನು ಆರಿಸಬೇಕು ಎಂಬುದು ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ. ಆ ಪ್ರಶ್ನೆಗೆ ಮುಂಚೆ ಕೇಳಬೇಕಾದ ಇನ್ನೆರಡು ಪ್ರಶ್ನೆಗಳಿವೆ ಎಂಬುದನ್ನು ಕೋಲಾರದ ಈ ಎರಡು ಕಂಬಗಳು ತೋರಿಸುತ್ತವೆ.

ಶೂನ್ಯ ದೋಷ

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ತಂತಿಯ ದಪ್ಪ ಅಳೆಯಲು ಸ್ಕ್ರೂಗೇಜ್ ಕೊಡುತ್ತಾರೆ. ತಂತಿಯನ್ನು ಅದರ ಬಾಯಿಗೆ ಇಡುವ ಮೊದಲು ವಿದ್ಯಾರ್ಥಿ ಒಂದು ಕೆಲಸ ಮಾಡಲೇಬೇಕು. ಬರಿ ಬಾಯಿಯನ್ನು ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ನೋಡಬೇಕು. ಕೂಡದಿದ್ದರೆ ಅದು ಶೂನ್ಯ ದೋಷ. ಅದನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ ಕಳೆಯಬೇಕು ಇಲ್ಲವೆ ಕೂಡಬೇಕು. ಉಪಕರಣ ಎಷ್ಟೇ ಬೆಲೆಯದಾಗಿರಲಿ, ಶೂನ್ಯ ದೋಷ ನೋಡದೆ ತೆಗೆದ ಅಳತೆಗೆ ಬೆಲೆಯಿಲ್ಲ.

ಮಾನವಿಕ ವಿಷಯಗಳ ಅಂಕಿಗಳಿಗೂ ಇಂಥ ಶೂನ್ಯ ದೋಷವಿದೆ. ಎರಡು ವರ್ಷಗಳ ‘ಕೋಲಾರ’ ಒಂದೇ ಕೋಲಾರವೇ ಎಂದು ಕೇಳುವುದೇ ಬಾಯಿ ಮುಚ್ಚಿ ಸೊನ್ನೆ ನೋಡುವ ಕೆಲಸ. ಇದನ್ನು ಯಾವ ತಂತ್ರಾಂಶವೂ ತಾನಾಗಿ ಮಾಡಿಕೊಡುವುದಿಲ್ಲ. ಕಂಪ್ಯೂಟರಿಗೆ ಕಾಣುವುದು ಎರಡು ಸಂಖ್ಯೆಗಳು ಮಾತ್ರ. 2007ರಲ್ಲಿ ಏನಾಯಿತೆಂಬುದು ಅದರ ಹಾಳೆಯಲ್ಲಿಲ್ಲ.

ಇದರ ಜತೆಗೆ ಇನ್ನೊಂದು ಜೋಡಿ ಅಂಕಿಗಳನ್ನು ಇಟ್ಟು ನೋಡಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಇಲ್ಲಿಯೂ ಎರಡನೆಯ ಕಂಬ ಗಿಡ್ಡ; ಸುಮಾರು 8 ಲಕ್ಷ 69 ಸಾವಿರ ಕಡಿಮೆ. ಆದರೆ ಇಲ್ಲಿ ಕಾರಣ ಗಡಿಯಲ್ಲ. ನಡುವೆ 1876ರಿಂದ 1878ರವರೆಗಿನ ಮಹಾಕ್ಷಾಮ ಬಂದು ಹೋಗಿತ್ತು. ಕೋಲಾರ ಸೀಮೆಯೂ ಅದರಲ್ಲಿ ತೀವ್ರವಾಗಿ ನೊಂದಿತು. ಆ ಕಂಬದಲ್ಲಿ ಕಾಣದಿರುವವರು ಹಸಿವಿನಿಂದ, ಕಾಯಿಲೆಯಿಂದ ಸತ್ತವರು, ಊರು ಬಿಟ್ಟವರು, ಆ ವರ್ಷಗಳಲ್ಲಿ ಹುಟ್ಟದೇ ಉಳಿದ ಮಕ್ಕಳು.

ಎರಡು ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಒಂದೇ ಇಳಿಜಾರು. ಒಂದರ ಹಿಂದೆ ಲಕ್ಷಾಂತರ ಜನರ ಸಾವಿದೆ. ಇನ್ನೊಂದರ ಹಿಂದೆ ಒಂದು ಸರ್ಕಾರಿ ಅಧಿಸೂಚನೆಯಿದೆ. ಈ ಎರಡನ್ನೂ ಬೇರೆ ಮಾಡಿ ಹೇಳುವುದೇ ಇತಿಹಾಸ ಓದಿದವರ ಕೆಲಸ. ಚಿತ್ರ ಬಿಡಿಸುವ ಸಾಧನವನ್ನು ಆರಿಸುವಾಗ ಈ ಕೆಲಸಕ್ಕೆ ಅದು ನೆರವಾಗುತ್ತದೆಯೇ, ಅಡ್ಡ ಬರುತ್ತದೆಯೇ ಎಂದು ನೋಡಬೇಕು.

ಕೂಸಿಗಿಂತ ಮೊದಲು ಕುಲಾವಿ

ಎಷ್ಟೋ ಪ್ರಾಜೆಕ್ಟುಗಳಲ್ಲಿ ಮೊದಲು ತಂತ್ರಾಂಶದ ಆಯ್ಕೆಯಾಗುತ್ತದೆ, ಆಮೇಲೆ ಅದಕ್ಕೆ ಹೊಂದುವ ವಿಷಯವನ್ನು ಹುಡುಕುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಇಂಥ ಚಿತ್ರಗಳನ್ನು ಮೊದಲು ಬಿಡಿಸಿದವರು ಹಾಗೆ ಮಾಡಲಿಲ್ಲ.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ವ್ಯಾಪಾರದ ಅಂಕಿಗಳನ್ನು ಗೆರೆಗಳಲ್ಲಿ ತೋರಿಸಿದ ಪುಸ್ತಕವೊಂದನ್ನು ಪ್ರಕಟಿಸಿದ. ಇಂಗ್ಲೆಂಡಿನ ವ್ಯಾಪಾರಕ್ಕೆ ಅವನ ಬಳಿ ಅನೇಕ ವರ್ಷಗಳ ಲೆಕ್ಕವಿತ್ತು. ಏರಿಳಿತವನ್ನು ಗೆರೆಯಲ್ಲಿ ಎಳೆದ. ಸ್ಕಾಟ್ಲೆಂಡಿನದು ಮಾತ್ರ ಒಂದೇ ವರ್ಷದ ಲೆಕ್ಕ ಸಿಕ್ಕಿತು. ಒಂದು ವರ್ಷದ ಲೆಕ್ಕದಿಂದ ಏರಿಳಿತದ ಗೆರೆ ಎಳೆಯಲಾಗದು. ಆದ್ದರಿಂದ ಒಂದೊಂದು ದೇಶದ ಜತೆಗಿನ ವ್ಯಾಪಾರವನ್ನು ಒಂದೊಂದು ಪಟ್ಟಿಯಾಗಿ ತೋರಿಸಿದ. ಇಂದು ಎಲ್ಲರೂ ಬಳಸುವ ಪಟ್ಟಿಯ ಚಿತ್ರ ಹುಟ್ಟಿದ್ದು ಹೀಗೆ, ಆಕರದಲ್ಲಿದ್ದ ಕೊರತೆಯನ್ನು ಒಪ್ಪಿಕೊಂಡದ್ದರಿಂದ.

ಲಂಡನ್ನಿನ ವೈದ್ಯ ಜಾನ್ ಸ್ನೋ ಮುಂದೆ 1854ರಲ್ಲಿ ಕಾಲರಾ ಬಂದಾಗ ‘ಎಲ್ಲಿ ಸತ್ತರು?’ ಎಂದು ಕೇಳಿದ. ಉತ್ತರಕ್ಕೆ ಬೀದಿಯ ನಕ್ಷೆ ಬೇಕಾಯಿತು. ಸಾವುಗಳೆಲ್ಲ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದು ಕಂಡಿತು. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ‘ಸೈನಿಕರು ಯಾವುದರಿಂದ ಸತ್ತರು?’ ಎಂದು ಕೇಳಿದಳು. ಗಾಯಗಳಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು ಎಂಬುದನ್ನು ತಿಂಗಳು ತಿಂಗಳಾಗಿ ತೋರಿಸಲು ಹೂವಿನ ದಳಗಳಂಥ ಚಿತ್ರವನ್ನು ಬಿಡಿಸಿದಳು. ಮೂವರದೂ ಬೇರೆ ಬೇರೆ ಪ್ರಶ್ನೆ, ಬೇರೆ ಬೇರೆ ಚಿತ್ರ.

ಪ್ರಶ್ನೆ ಯಾವುದು? ಅದಕ್ಕೆ ಆಕರ ಎಂಥದು? ಈ ಎರಡು ತಿಳಿದ ಮೇಲೆ ಸಾಧನ ತಾನಾಗಿ ಗೊತ್ತಾಗುತ್ತದೆ. ಮಾನವಿಕ ವಿಷಯಗಳ ಪ್ರಾಜೆಕ್ಟಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚಾಗಿ ನಾಲ್ಕು ಬಗೆ: ಎಷ್ಟು, ಯಾವಾಗ, ಎಲ್ಲಿ, ಯಾವ ಮಾತು. ಒಂದೊಂದನ್ನೂ ಕೋಲಾರ ಜಿಲ್ಲೆಯ ಉದಾಹರಣೆಯಿಂದಲೇ ನೋಡಬಹುದು.

ಎಷ್ಟು?

ಹತ್ತಿಪ್ಪತ್ತು ಅಂಕಿಗಳಿದ್ದರೆ ಗ್ರಾಫ್ ಹಾಳೆ, ಪೆನ್ಸಿಲು, ಅಡಿಪಟ್ಟಿ ಸಾಕು. ಕೈಯಲ್ಲಿ ಕಂಬ ಎಳೆಯುವವನು ಪ್ರತಿ ಅಂಕಿಯ ಮುಂದೆ ಒಂದು ನಿಮಿಷ ನಿಲ್ಲುತ್ತಾನೆ. 25 ಲಕ್ಷದಿಂದ 15 ಲಕ್ಷಕ್ಕೆ ಇಳಿಯುವಾಗ ಅವನ ಕೈ ತಡೆಯುವ ಸಂಭವವಾದರೂ ಇದೆ. ನೂರಾರು ಹಳ್ಳಿಗಳ ಅಂಕಿಯಾದರೆ ಎಕ್ಸೆಲ್ ಬೇಕು. ಅದನ್ನು ಕೊಳ್ಳಲಾಗದ ಶಾಲೆಗಳಿಗೆ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಉಚಿತವಾಗಿ ಸಿಗುತ್ತದೆ. ಇಂಟರ್‌ನೆಟ್ ಇಲ್ಲದಾಗಲೂ ನಡೆಯುತ್ತದೆ.

ಸಾಧನ ಯಾವುದಾದರೂ ಕಂಬದ ಬುಡ ಸೊನ್ನೆಯಲ್ಲಿರಬೇಕು. 2011ರಲ್ಲಿ ಕೋಲಾರ ಜಿಲ್ಲೆಯ ಸಾಕ್ಷರತೆ ಶೇಕಡಾ 74.39, ಇಡೀ ಕರ್ನಾಟಕದ್ದು 75.36. ಒಂದಕ್ಕೂ ಕಡಿಮೆ ಅಂತರ. ಕಂಬದ ಬುಡವನ್ನು 74ರಲ್ಲಿ ಇಟ್ಟರೆ ರಾಜ್ಯದ ಕಂಬ ಕೋಲಾರದ ಕಂಬದ ಮೂರೂವರೆ ಪಟ್ಟು ಎತ್ತರ ಕಾಣುತ್ತದೆ! ಅಳತೆಯ ಪಟ್ಟಿಯನ್ನು ತಾನೇ ಆರಿಸುವಾಗ ಕೆಲವು ತಂತ್ರಾಂಶಗಳು ಹೀಗೆ ಬುಡ ಕತ್ತರಿಸುವುದುಂಟು. ಅದನ್ನು ತಿದ್ದಲು ಬಿಡುವ ಸಾಧನವನ್ನೇ ಆರಿಸಬೇಕು.

ಯಾವಾಗ?

ಕಾಲರೇಖೆಗೆ ಕೆ.ಜಿ.ಎಫ್. ಒಳ್ಳೆಯ ವಸ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರಲ್ಲಿ ಮುಚ್ಚಿತು. ಸ್ಲೈಡು ತಯಾರಿಸುವ ತಂತ್ರಾಂಶಗಳಲ್ಲಿ ಸಿದ್ಧವಾಗಿ ಸಿಗುವ ಕಾಲರೇಖೆಯಲ್ಲಿ ಈ ಐದು ಘಟನೆಗಳು ಸಮ ದೂರದ ಐದು ಚೌಕಗಳಾಗುತ್ತವೆ. ನಡುವಿನ ಅಂತರಗಳಾದರೋ 22, 54, 16 ಮತ್ತು 29 ವರ್ಷ. 54 ವರ್ಷ ನೆಲದಡಿಯಲ್ಲಿ ದುಡಿದ ತಲೆಮಾರುಗಳು ಎರಡು ಚೌಕಗಳ ನಡುವಿನ ಒಂದು ಬಾಣದಲ್ಲಿ ಮಾಯವಾಗುತ್ತವೆ. ಇದಕ್ಕಿಂತ ಒಂದು ಉದ್ದನೆಯ ಕಾಗದದ ಪಟ್ಟಿ ಲೇಸು. ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ 121 ಸೆಂಟಿಮೀಟರ್. ತರಗತಿಯ ಗೋಡೆಗೆ ಅಂಟಿಸಿದರೆ ಹಿಂದಿನ ಬೆಂಚಿನವನಿಗೂ ಕಾಣುತ್ತದೆ. ಕಂಪ್ಯೂಟರಿನಲ್ಲೇ ಬೇಕೆಂದರೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ರೂಪಿಸಿದ ‘ಟೈಮ್‌ಲೈನ್ ಜೆಎಸ್’ ಉಚಿತ. ಅದು ಅಂತರವನ್ನು ಅಳತೆಗೆ ಸರಿಯಾಗಿ ಇಡುತ್ತದೆ.

ತಾರೀಖುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಡಿ.ವಿ. ಗುಂಡಪ್ಪನವರು ಮುಳಬಾಗಿಲಿನಲ್ಲಿ ಹುಟ್ಟಿದ್ದು 1887ರ ಮಾರ್ಚ್ 17ರಂದು. ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದು 1891ರ ಜೂನ್ 6ರಂದು. ಈ ಇಬ್ಬರ ಬದುಕನ್ನು ಅಕ್ಕಪಕ್ಕ ಇಟ್ಟು ಕಾಲರೇಖೆ ಬರೆಯಲು ಹೊರಟ ವಿದ್ಯಾರ್ಥಿಗೆ ಎಕ್ಸೆಲ್ ತಕರಾರು ಮಾಡುತ್ತದೆ. 1900ರ ಜನವರಿ 1ಕ್ಕಿಂತ ಹಿಂದಿನ ತಾರೀಖನ್ನು ಅದು ತಾರೀಖೆಂದೇ ಒಪ್ಪುವುದಿಲ್ಲ. ಬರಿ ಅಕ್ಷರವೆಂದು ಬಗೆಯುತ್ತದೆ. ಡಿ.ವಿ.ಜಿ. ತೀರಿಕೊಂಡ ದಿನ 1975ರ ಅಕ್ಟೋಬರ್ 7. ಅದನ್ನು 7-10-1975 ಎಂದು ತುಂಬಿದರೆ ಅಮೆರಿಕದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರ್ ಜುಲೈ 10 ಎಂದು ಓದುತ್ತದೆ. ವರ್ಷ, ತಿಂಗಳು, ದಿನಗಳನ್ನು ಮೂರು ಬೇರೆ ಬೇರೆ ಅಂಕಣಗಳಲ್ಲಿ ಬರೆದರೆ ಎರಡು ತೊಡಕುಗಳೂ ತಪ್ಪುತ್ತವೆ.

ಶಾಸನಗಳ ಕಾಲವಾದರೆ ಶಕವರ್ಷಕ್ಕೆ 78 ಕೂಡಿಸಬೇಕು. ವರ್ಷದ ಕೊನೆಯ ತಿಂಗಳುಗಳಾದರೆ 79. ಶಕ 1350 ಎಂದರೆ ಕ್ರಿ.ಶ. 1428, ವಿಜಯನಗರದ ಇಮ್ಮಡಿ ದೇವರಾಯನ ಕಾಲ. ಕೂಡಿಸುವುದನ್ನು ಮರೆತು 1350 ಎಂದೇ ತುಂಬಿದರೆ ಆ ಕಲ್ಲು ಒಂದನೆಯ ಹರಿಹರನ ಕಾಲಕ್ಕೆ ಜಾರುತ್ತದೆ. ಚಿತ್ರ ಮಾತ್ರ ಅಂದವಾಗಿಯೇ ಇರುತ್ತದೆ.

ಎಲ್ಲಿ?

ಶಾಸನಗಳನ್ನು ಕಾಲರೇಖೆಯಿಂದ ನಕ್ಷೆಗೆ ತಂದಾಗ ನಿಜವಾದ ಕುತೂಹಲ ಹುಟ್ಟುತ್ತದೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಪ್ರಕಟಿಸಿದರು. ತಾಲ್ಲೂಕಿಗೊಂದು ಪಟ್ಟಿ, ಕಲ್ಲಿಗೊಂದು ಸಂಖ್ಯೆ, ಊರಿನ ಹೆಸರು, ಕಲ್ಲಿರುವ ಜಾಗ ಎಲ್ಲವೂ ಅದರಲ್ಲಿವೆ. ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಬಂದುಹೋದ ನೆಲವಿದು. ಕನ್ನಡದ ಕಲ್ಲುಗಳ ಜತೆಗೆ ತಮಿಳು, ತೆಲುಗು ಕಲ್ಲುಗಳಿವೆ. ಕೋಲಾರಮ್ಮನ ಗುಡಿಯ ಚೋಳರ ಶಾಸನಗಳು ತಮಿಳಿನವು. ಯಾವ ಭಾಷೆಯ ಕಲ್ಲು ಎಲ್ಲಿ, ಯಾವ ಕಾಲದಲ್ಲಿ ಎಂಬ ನಕ್ಷೆಯೊಂದೇ ಒಂದು ವರ್ಷದ ಪ್ರಾಜೆಕ್ಟಿಗೆ ಸಾಲುವಷ್ಟು ವಸ್ತು.

ಒಂದು ತಾಲ್ಲೂಕಿನ ನಲವತ್ತೈವತ್ತು ಕಲ್ಲುಗಳಾದರೆ ತಾಲ್ಲೂಕು ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಚುಕ್ಕೆಯಿಟ್ಟರೆ ಸಾಕು. ಗಂಗರ ಕಾಲಕ್ಕೊಂದು ಹಾಳೆ, ಚೋಳರ ಕಾಲಕ್ಕೊಂದು ಹಾಳೆ. ಒಂದರ ಮೇಲೊಂದು ಇಟ್ಟು ನೋಡಬಹುದು. ಕಂಪ್ಯೂಟರಿನಲ್ಲಿ ಇದೇ ಕೆಲಸವನ್ನು ‘ಕ್ಯೂಜಿಐಎಸ್’ ಎಂಬ ಉಚಿತ ತಂತ್ರಾಂಶ ಮಾಡುತ್ತದೆ. ಕಲಿಯಲು ಕೆಲವು ವಾರ ಹಿಡಿಯುತ್ತದೆ. ಕಲಿತರೆ ಇಂಟರ್‌ನೆಟ್ಟಿನ ಹಂಗಿಲ್ಲ. ಅಷ್ಟು ಸಮಯವಿಲ್ಲದವರಿಗೆ ‘ಗೂಗಲ್ ಮೈ ಮ್ಯಾಪ್ಸ್’ ಸುಲಭ.

ಆದರೆ ಇಲ್ಲಿಯೂ ಶೂನ್ಯ ದೋಷ ನೋಡಬೇಕು. ರೈಸ್ ಅವರ ಕೋಲಾರ ಜಿಲ್ಲೆಯಲ್ಲಿ ಚಿಂತಾಮಣಿ, ಬಾಗೇಪಲ್ಲಿಗಳೂ ಇದ್ದವು. ಅಂದಿನ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳು ಲೆಕ್ಕವಿಲ್ಲದಷ್ಟಿವೆ. ಹೆಸರು ಕೊಟ್ಟು ಹುಡುಕಿಸಿದರೆ ತಂತ್ರಾಂಶ ತನಗೆ ಮೊದಲು ಸಿಕ್ಕ ಹೊಸಹಳ್ಳಿಯಲ್ಲಿ ಚುಕ್ಕೆಯಿಟ್ಟು ಸುಮ್ಮನಾಗುತ್ತದೆ. ಊರಿಗೇ ಹೋಗಿ, ಕಲ್ಲಿನ ಪಕ್ಕದಲ್ಲಿ ನಿಂತು, ಮೊಬೈಲ್ ಫೋನಿನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಳ್ಳುವುದೇ ಸರಿಯಾದ ದಾರಿ. ಬಯಲಿನಲ್ಲಿ ಕೆಲವೇ ಮೀಟರುಗಳ ವ್ಯತ್ಯಾಸದೊಳಗೆ ಜಾಗ ಸಿಗುತ್ತದೆ.

ಹಾಗೆ ಹೋದವರಿಗೆ ಕಲ್ಲು ಸಿಗದೆಯೂ ಇರಬಹುದು. ಬೆಂಗಳೂರು ಸುತ್ತಮುತ್ತ ರೈಸ್ ದಾಖಲಿಸಿದ ಎಷ್ಟೋ ಕಲ್ಲುಗಳು ಇಂದು ಇದ್ದ ಜಾಗದಲ್ಲಿಲ್ಲ. ಬಡಾವಣೆ ಬಂದಾಗ, ರಸ್ತೆ ಅಗಲವಾದಾಗ, ಗುಡಿಯನ್ನು ಹೊಸದಾಗಿ ಕಟ್ಟಿದಾಗ ಅವು ಹೋದವು. ಉಳಿದವನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ನಕ್ಷೆಯಲ್ಲಿ ಗುರುತಿಸುವ ಕೆಲಸವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡಿತು. ಮಾಲೂರು, ಕೋಲಾರಗಳ ಕಡೆಗೆ ಬೆಂಗಳೂರು ಬೆಳೆಯುತ್ತಲೇ ಇದೆ. ವಿದ್ಯಾರ್ಥಿಯೊಬ್ಬ ಇಂದು ಇಡುವ ಒಂದು ಚುಕ್ಕೆ ನಾಳೆ ಆ ಕಲ್ಲಿನ ಜಾಗಕ್ಕೆ ಉಳಿಯುವ ಒಂದೇ ಸಾಕ್ಷಿಯಾಗಬಹುದು. ಕಲ್ಲು ಸಿಗದಿದ್ದರೆ ಅದನ್ನೂ ಬೇರೆ ಗುರುತಿನಿಂದ ನಕ್ಷೆಯಲ್ಲಿ ತೋರಿಸಬೇಕು. ಖಾಲಿ ಬಿಟ್ಟರೆ ಅಲ್ಲಿ ಎಂದೂ ಶಾಸನವೇ ಇರಲಿಲ್ಲ ಎಂದು ಓದುವವರು ತಿಳಿಯುತ್ತಾರೆ.

ಗುರುತುಗಳನ್ನು ಬಣ್ಣದಿಂದ ಮಾತ್ರ ಬೇರೆ ಮಾಡಬಾರದು. ಕೆಂಪು ಹಸಿರುಗಳ ವ್ಯತ್ಯಾಸ ಕಾಣದ ಮಕ್ಕಳು ತರಗತಿಯಲ್ಲಿರಬಹುದು. ಪ್ರಾಜೆಕ್ಟಿನ ಪ್ರತಿ ಜೆರಾಕ್ಸ್ ಅಂಗಡಿಯಿಂದ ಬರುವಾಗ ಎಲ್ಲ ಬಣ್ಣವೂ ಬೂದಿಯಾಗುತ್ತದೆ. ಕನ್ನಡಕ್ಕೆ ವೃತ್ತ, ತಮಿಳಿಗೆ ತ್ರಿಕೋನ, ತೆಲುಗಿಗೆ ಚೌಕ ಎಂದಿಟ್ಟುಕೊಂಡರೆ ತೊಂದರೆಯಿಲ್ಲ.

ಯಾವ ಮಾತು?

ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಕೃತಿಯಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಆಸೆ. ‘ವಾಯಂಟ್ ಟೂಲ್ಸ್’ ಎಂಬ ಉಚಿತ ಸಾಧನ ಕ್ಷಣದಲ್ಲಿ ಎಣಿಸಿಕೊಡುತ್ತದೆ. ಆದರೆ ಇಂಗ್ಲಿಷಿನಲ್ಲಿ ಪದಗಳ ನಡುವೆ ಬಿಡಿಯಾಗಿ ನಿಲ್ಲುವ ಎಷ್ಟೋ ಸಂಬಂಧಗಳು ಕನ್ನಡದಲ್ಲಿ ಪದದ ಬಾಲಕ್ಕೆ ಅಂಟುತ್ತವೆ. ಕೆರೆ, ಕೆರೆಯ, ಕೆರೆಗೆ, ಕೆರೆಯನ್ನು, ಕೆರೆಯಲ್ಲಿ, ಕೆರೆಗಳು ಇವೆಲ್ಲವೂ ಕಂಪ್ಯೂಟರಿಗೆ ಬೇರೆ ಬೇರೆ ಪದಗಳು. ಊರ ಕೆರೆಯ ಸುತ್ತಲೇ ಸುತ್ತುವ ಕಥೆಯಲ್ಲೂ ‘ಕೆರೆ’ ಅಪರೂಪದ ಪದವಾಗಿ ಕಾಣಬಹುದು. ಹಿಂದಿನ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವಾದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕು. ಇಲ್ಲದಿದ್ದರೆ ಸಾಧನಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪದಗಳನ್ನು ಮೋಡದ ಹಾಗೆ ಗುಂಪುಗೂಡಿಸಿ ತೋರಿಸುವ ಕೆಲವು ಸಾಧನಗಳು ಒತ್ತಕ್ಷರಗಳನ್ನು ಒಡೆದುಹಾಕುತ್ತವೆ. ಒಂದು ಸಣ್ಣ ಕಥೆಯಾದರೆ ಪೆನ್ಸಿಲು ಹಿಡಿದು ಗುರುತು ಹಾಕುತ್ತ ಓದುವುದೇ ಒಳ್ಳೆಯದು. ಎಣಿಕೆಯೂ ಆಗುತ್ತದೆ, ಕಥೆಯನ್ನು ಎರಡನೆಯ ಸಲ ಓದಿದಂತೆಯೂ ಆಗುತ್ತದೆ.

ಸಾಧನಕ್ಕೆ ಐದು ಪ್ರಶ್ನೆ

ಇಷ್ಟಾದ ಮೇಲೂ ಎರಡು ಮೂರು ಸಾಧನಗಳ ನಡುವೆ ಆಯ್ಕೆ ಉಳಿದರೆ ಐದು ಪ್ರಶ್ನೆಗಳನ್ನು ಕೇಳಬೇಕು. ಒಂದು, ಹಣ ಕೊಡಬೇಕೇ? ಎರಡು, ಕರೆಂಟು ಹೋಗಿ ಬಂದು ಮಾಡುವ, ಇಂಟರ್‌ನೆಟ್ ಆಮೆಯಂತೆ ನಡೆಯುವ ಶಾಲೆಯಲ್ಲಿ ಅದು ನಡೆಯುತ್ತದೆಯೇ? ಮೂರು, ಕನ್ನಡದ ಅಕ್ಷರಗಳು ಒತ್ತು ಸಮೇತ ಸರಿಯಾಗಿ ಮೂಡುತ್ತವೆಯೇ? ನಾಲ್ಕು, ತುಂಬಿದ ಮಾಹಿತಿಯನ್ನು ಹಾಗೆಯೇ ಹೊರತೆಗೆಯಬಹುದೇ? ಐದು, ಅದು ಯಾರ ಮಾಹಿತಿಯನ್ನು ಯಾರಿಗೆ ತೋರಿಸುತ್ತದೆ?

ನಾಲ್ಕನೆಯದಕ್ಕೆ ಕಾರಣವಿದೆ. ಗೂಗಲ್ ಕಂಪನಿಯ ‘ಫ್ಯೂಷನ್ ಟೇಬಲ್ಸ್’ ಎಂಬ ಸಾಧನದಲ್ಲಿ ಅನೇಕರು ವರ್ಷಗಟ್ಟಲೆ ನಕ್ಷೆ ಮಾಡಿಟ್ಟಿದ್ದರು. 2019ರ ಡಿಸೆಂಬರಿನಲ್ಲಿ ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತು. ಚಿತ್ರ ಹೋದರೂ ಪಟ್ಟಿ ಉಳಿದಿದ್ದರೆ ಬೇರೆ ಕಡೆ ಮತ್ತೆ ಚಿತ್ರ ಬಿಡಿಸಬಹುದು. ರೈಸ್ ಅವರ ಪಟ್ಟಿ 1905ರದು. ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಆದ್ದರಿಂದ ಪ್ರಾಜೆಕ್ಟಿನ ಕೊನೆಯಲ್ಲಿ ಅಂಕಿಗಳ ಪಟ್ಟಿಯನ್ನು ಕಾಗದದ ಮೇಲೂ ಇಡಬೇಕು.

ಐದನೆಯ ಪ್ರಶ್ನೆ ಇನ್ನೂ ಮುಖ್ಯ. ಗಣಿಯ ಕಾರ್ಮಿಕರ ಕುಟುಂಬಗಳನ್ನು ಮಾತನಾಡಿಸಿ ಅವರ ಕಾಯಿಲೆ, ಸಾಲ, ಜಾತಿಗಳ ವಿವರ ಬರೆದುಕೊಂಡ ವಿದ್ಯಾರ್ಥಿ ಅದನ್ನು ಉಚಿತ ಖಾತೆಯೊಂದರಲ್ಲಿ ನಕ್ಷೆ ಮಾಡಿದರೆ ಅದು ಜಗತ್ತಿಗೆಲ್ಲ ಕಾಣುವ ಸಂಭವವಿದೆ. ಮನೆಯ ಜಗುಲಿಯಲ್ಲಿ ಕೂರಿಸಿ, ನೀರು ಕೊಟ್ಟು, ನಂಬಿ ಹೇಳಿದವರ ಮಾತನ್ನು ಶಾಲೆಯ ಕಂಪ್ಯೂಟರಿನೊಳಗೇ ಇಟ್ಟುಕೊಳ್ಳಬೇಕು. ಮನೆ ಗುರುತಾಗದಂತೆ ಬೀದಿಯ ಮಟ್ಟದಲ್ಲಿ ಮಾತ್ರ ತೋರಿಸಬೇಕು.

ಎರಡು ಚಿತ್ರ, ಒಂದು ಟಿಪ್ಪಣಿ

ಮುಳಬಾಗಿಲಿನ ಆ ಹುಡುಗಿ ತನ್ನ ತಪ್ಪು ಚಿತ್ರವನ್ನು ಹರಿದುಹಾಕಬೇಕಾಗಿಲ್ಲ. ಎಡಗಡೆಯ ಪುಟದಲ್ಲಿ ಅದನ್ನೇ ಅಂಟಿಸಲಿ. ಬಲಗಡೆಯಲ್ಲಿ ಹೊಸ ಚಿತ್ರವಿರಲಿ: ಇಂದಿನ ಕೋಲಾರಕ್ಕೆ 13,87,062 ಮತ್ತು 15,36,401, ಇಂದಿನ ಚಿಕ್ಕಬಳ್ಳಾಪುರಕ್ಕೆ 11,49,007 ಮತ್ತು 12,55,104. ನಾಲ್ಕು ಕಂಬಗಳು, ಎರಡೂ ಜೋಡಿ ಮೇಲಕ್ಕೇ ಹೋಗುತ್ತವೆ. 2001ರ ಎರಡು ಕಂಬಗಳನ್ನು ಕೂಡಿಸಿದರೆ ಹಳೆಯ 25,36,069 ಬರುತ್ತದೆ. ಅಡಿಯಲ್ಲಿ ಎರಡು ಸಾಲಿನ ಟಿಪ್ಪಣಿ: 2007ರಲ್ಲಿ ಜಿಲ್ಲೆ ವಿಭಾಗವಾಯಿತು, ಹೋಲಿಕೆಯನ್ನು ಇಂದಿನ ಗಡಿಯೊಳಗೆ ಮಾಡಿದೆ. ಅಂಕ ಕೊಡುವ ಮೇಷ್ಟರು ಬಣ್ಣದ ಕಂಬಗಳಿಗಿಂತ ಈ ಎರಡು ಸಾಲಿಗೆ ಹೆಚ್ಚು ಅಂಕ ಕೊಟ್ಟರೆ ಮುಂದಿನ ವರ್ಷದ ಮಕ್ಕಳು ತಾವಾಗಿ ದಾರಿ ಹಿಡಿಯುತ್ತಾರೆ.

ಈ ಅಭ್ಯಾಸ ಬೇಗನೆ ಬೇಕಾಗುತ್ತದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೆ ಹೋಗಿ, 2027ರ ಮಾರ್ಚ್ 1 ಅದರ ಆಧಾರ ದಿನವೆಂದು ಪ್ರಕಟವಾಗಿದೆ. ಈ ನಡುವೆ 2018ರಲ್ಲಿ ಬಂಗಾರಪೇಟೆ ತಾಲ್ಲೂಕಿನಿಂದ ಕೆ.ಜಿ.ಎಫ್. ಬೇರೆ ತಾಲ್ಲೂಕಾಯಿತು. ಹೊಸ ಅಂಕಿಗಳು ಬಂದ ದಿನ ಯಾರಾದರೊಬ್ಬರು ಬಂಗಾರಪೇಟೆಯ ಹೆಸರಿನಲ್ಲಿ ಎರಡು ಕಂಬಗಳನ್ನು ನಿಲ್ಲಿಸುತ್ತಾರೆ. ಎರಡನೆಯದು ಗಿಡ್ಡವಾಗಿರುತ್ತದೆ. ಅಷ್ಟು ಜನ ಎಲ್ಲಿ ಹೋದರು ಎಂದು ಬರೆಯಲು ಹೊರಡುವ ಮೊದಲು, ಗಡಿಯ ಗೆರೆ ಎಲ್ಲಿ ಹೋಯಿತು ಎಂದು ಕೇಳುವ ವಿದ್ಯಾರ್ಥಿ ತರಗತಿಗೊಬ್ಬರಿದ್ದರೂ ಸಾಕು.